ಹಗುರ ಕೈಯವಳು

ಕೈ ಭಾರ ಎಂದು ನಲವತ್ತೇಳು ವರ್ಷದಲ್ಲಿ ಮೊದಲ ಸಲ ಒಬ್ಬರು ಹೇಳಿದ್ದನ್ನು ಶೈಲಜಾ ಆರು ದಿನದಿಂದ ನುಂಗಲೂ ಆಗದೆ ಉಗುಳಲೂ ಆಗದೆ ಬಾಯಲ್ಲೇ ಇಟ್ಟುಕೊಂಡು ತಿರುಗುತ್ತಿದ್ದಳು. ಯಾರ ಕೈ? ಸಿರುಗುಪ್ಪದ ದವಾಖಾನೆಗೆ ಬಂದವರು ಚೀಟಿ ಮಾಡಿಸುವುದಕ್ಕೂ ಮೊದಲು 'ಇವತ್ತು ಶೈಲಜಾ ಸಿಸ್ಟರ್ ಅದಾರೇನ್ರಿ' ಎಂದು ಕೇಳಿ, ಇಲ್ಲವೆಂದರೆ ಜ್ವರ ಹೊತ್ತುಕೊಂಡೇ ಮನೆಗೆ ಹೋಗಿ ಮರುದಿನ ಬರುತ್ತಾರಲ್ಲ, ಆ ಕೈ. ಅವಳ ಮುಂದೆ ಮಕ್ಕಳು ಅಳುವುದಕ್ಕೆಂದು ಬಾಯಿ ತೆರೆದು, ಸೂಜಿ ಆಗಲೇ ಆಗಿಹೋಗಿದೆ ಎಂದು ತಿಳಿದು, ತೆರೆದ ಬಾಯಿಯನ್ನು ಏನು ಮಾಡಬೇಕೆಂದು ಗೊತ್ತಾಗದೆ ಮುಚ್ಚಿಕೊಳ್ಳುತ್ತವಲ್ಲ, ಆ ಕೈ. ಬೆಳಗಿನ ಎಂಟಕ್ಕೆ ಡ್ಯೂಟಿ ಕೋಣೆಯಲ್ಲಿ ಸೀರೆಯ ಮೇಲೆ ಬಿಳಿ ಕೋಟು ಹಾಕಿಕೊಳ್ಳುತ್ತ ಅವಳು ತನ್ನ ಬಲಗೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ನಿನ್ನೆ ಇದ್ದ ಹಾಗೆಯೇ ಇತ್ತು. ಮೂಲೆಯಲ್ಲಿ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಗಿಟಾರ್ ಗೋಡೆಗೆ ಒರಗಿ ನಿಂತಿತ್ತು. ಅದನ್ನು ನೋಡಬಾರದೆಂದು ನಿರ್ಧರಿಸಿದಳು, ಮತ್ತು ನೋಡಿದಳು.

ಹೇಳಿದವನು ಹನುಮೇಶ್, ಬಳ್ಳಾರಿಯಲ್ಲಿ ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಗಿಟಾರ್ ಕಲಿಸುವವನು. ಮದುವೆಗಳ ಆರ್ಕೆಸ್ಟ್ರಾದಲ್ಲಿ ಇಪ್ಪತ್ತು ವರ್ಷ ಬಾರಿಸಿದವನು, ಅವಳಿಗಿಂತ ಎರಡೋ ಮೂರೋ ವರ್ಷಕ್ಕೆ ಚಿಕ್ಕವನು. ಒಂದು ವರ್ಷದಿಂದ ಪ್ರತಿ ಭಾನುವಾರ ಬಸ್ಸು ಹತ್ತಿ ಅಲ್ಲಿಗೆ ಹೋಗಿ, ತನ್ನ ಸೊಂಟದ ಎತ್ತರದ ಮಕ್ಕಳ ನಡುವೆ ಚಾಪೆಯ ಮೇಲೆ ಕೂರುವುದು ಅವಳಿಗೆ ಅವಮಾನ ಅನ್ನಿಸಿರಲಿಲ್ಲ. ಹೆಮ್ಮೆಯೇ ಅನ್ನಿಸಿತ್ತು. ಈ ವಯಸ್ಸಿನಲ್ಲಿ ಯಾರು ಕಲಿಯುತ್ತಾರೆ? ಜಿ, ಸಿ, ಡಿ ಎಂಬ ಮೂರು ಕಾರ್ಡುಗಳನ್ನು, ಎಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗೊಂಚಲುಗಳನ್ನು, ಎಡಗೈ ಬೆರಳುಗಳ ತುದಿ ಜಡ್ಡುಗಟ್ಟುವವರೆಗೆ ಒತ್ತಿ ಒತ್ತಿ ಒಲಿಸಿಕೊಂಡಿದ್ದಳು. ತೊಂದರೆ ಇದ್ದದ್ದು ಎಡಗೈಯಲ್ಲಿ ಅಲ್ಲವೇ ಅಲ್ಲ. ಹೋದ ಭಾನುವಾರ ಎರಡನೆಯ ತಂತಿ ಮತ್ತೊಮ್ಮೆ ಟಣ್ಣೆಂದು ಕಿತ್ತುಹೋದಾಗ ಹನುಮೇಶ್ ಎದ್ದು ಬಂದು ಅವಳ ಎದುರು ಕುಕ್ಕರಗಾಲಲ್ಲಿ ಕುಳಿತ. 'ಕೈ ಭಾರ ಐತ್ರಿ ಮೇಡಂ. ತಂತಿ ಏನ್ ನಿಮಗ ಬೈದಾವೇನು?' ಮಕ್ಕಳು ನಕ್ಕವು. ಅದರಲ್ಲಿ ಒಂದು ಹುಡುಗಿ, ಹೋದ ವರ್ಷ ಸಿರುಗುಪ್ಪದ ಅಜ್ಜಿಯ ಮನೆಗೆ ಬಂದಿದ್ದಾಗ ನಾಯಿ ಕಚ್ಚಿ ಅವಳ ಕೈಯಿಂದಲೇ ಸೂಜಿ ಮಾಡಿಸಿಕೊಂಡು ಕಿಮಕ್ ಅನ್ನದೆ ಹೋದವಳು, ಅದೂ ನಕ್ಕಿತು. ಅವನು ತುಂಬ ಮೆತ್ತಗೆ, ಚಿಕ್ಕವರಿಗೆ ಹೇಳುವ ಹಾಗೆ ಹೇಳಿದ. ತಂತಿ ಮೀಟುವ ಪ್ಲಾಸ್ಟಿಕ್ ಚೂರು, ಆ ಪಿಕ್ಕಿನ ತುದಿ ಮಾತ್ರ ತಂತಿಗೆ ತಾಕಬೇಕು. ಮೊಣಕೈ ಬಡಿಯಬಾರದು, ಮಣಿಕಟ್ಟು ಆಡಬೇಕು. ಕೆಳಗೆ ಹೋಗುವಾಗ ಎಲ್ಲ ತಂತಿ, ಮೇಲೆ ಬರುವಾಗ ತೆಳುವಾದ ಮೂರೇ. 'ಮತ್ತ ಇದನ್ನ ಯಾಕ್ರಿ ಮೂರು ಬೆರಳಿನಾಗ ಇಷ್ಟು ಗಟ್ಟಿ ಹಿಡೀತೀರಿ? ಎರಡು ಸಾಕು. ಬಿದ್ದುಹೋದೀತು ಅನ್ನೋವಷ್ಟು ಸಡ್ಲ ಇರಬೇಕು.'

ಆಗ ಅವಳು ತನ್ನ ಕೈಯನ್ನು ನೋಡಿಕೊಂಡು ಹೌಹಾರಿದ್ದಳು. ಹೆಬ್ಬೆರಳು, ತೋರುಬೆರಳು, ನಡುಬೆರಳು. ಪಿಕ್ಕನ್ನು ಅವಳು ಹಿಡಿದದ್ದು ಸಿರಿಂಜು ಹಿಡಿದ ಹಾಗೆ. ವರ್ಷವಿಡೀ ಹಾಗೆಯೇ ಹಿಡಿದಿದ್ದಳು. ಹಿಡಿದು, ಸೂಜಿ ಮಾಡುವ ಹಾಗೆಯೇ, ಒಂದೇ ಏಟಿಗೆ, ನೆಟ್ಟಗೆ, ಅನುಮಾನವಿಲ್ಲದೆ ತಂತಿಗಳ ಮೇಲೆ ಇಳಿಸಿದ್ದಳು. ಬಸ್ಸಿನಲ್ಲಿ ವಾಪಸು ಬರುವಾಗ, ಎರಡೂ ಕಡೆ ಭತ್ತದ ಗದ್ದೆ ಹಸಿರಾಗಿ ಓಡುತ್ತಿರುವಾಗ, ಮೊಣಕಾಲ ನಡುವೆ ಗಿಟಾರ್ ನಿಲ್ಲಿಸಿಕೊಂಡು ಅವಳಿಗೆ ಒಳಗೊಳಗೇ ಒಂದು ಸಂಗತಿ ಹೊಳೆಯತೊಡಗಿತು. ಅದು ಅವಳಿಗೆ ಸ್ವಲ್ಪವೂ ಇಷ್ಟವಾಗಲಿಲ್ಲ. ಜನ ಹಗುರ ಅನ್ನುವ ತನ್ನ ಕೈ ಹಗುರವೇ ಅಲ್ಲ. ಅದು ಚುರುಕು. ನೋವು ಬಂದು ಬಾಗಿಲು ಬಡಿಯುವುದರೊಳಗೆ ಕೆಲಸ ಮುಗಿಸಿ ಹಿತ್ತಲಿಂದ ಹೊರಟುಹೋಗುವ ಕೈ. ತಂತಿಗೆ ಆ ಚುರುಕು ಏಟಾಗುತ್ತಿತ್ತು. ಮನೆಯಲ್ಲಿ ಗಂಡ ದೊಡ್ಡಬಸವರಾಜ ಈ ವಿಷಯಕ್ಕೆ ತನ್ನ ಅಭಿಪ್ರಾಯವನ್ನು ಆರು ತಿಂಗಳ ಹಿಂದೆಯೇ ಕೊಟ್ಟಾಗಿತ್ತು. 'ಕೋಣನ ಮುಂದ ಕಿನ್ನರಿ ಅಂತಾರ. ನಾ ಕೋಣ ಆಗಾಕ ತಯಾರದೀನಿ ಮಾರಾಯ್ತಿ, ಆದ್ರ ನೀ ಬಾರಸೋದು ಕಿನ್ನರಿ ಅಲ್ಲ.'

ಇಷ್ಟೇ ಆಗಿದ್ದರೆ ಅವಳು ಇನ್ನೊಂದು ವರ್ಷ ಬಾರಿಸುತ್ತಿದ್ದಳು, ಯಾರ ಹಂಗೇನು? ಆದರೆ ಇವತ್ತು ಸಂಜೆ ನಾಲ್ಕಕ್ಕೆ ಕುರುಗೋಡಿನಲ್ಲಿ ಹೊನ್ನೂರಮ್ಮನ ನಿವೃತ್ತಿಯ ಕಾರ್ಯಕ್ರಮ. ಶೈಲಜಾಳಿಗೆ ಸೂಜಿ ಹಿಡಿಯಲು ಕಲಿಸಿದ ಹೊನ್ನೂರಕ್ಕ, ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದೇ ಕೋಣೆಯಲ್ಲಿ ಒಂದೇ ಸ್ಟೋವಿನಲ್ಲಿ ಅಡುಗೆ ಮಾಡಿ ಹಾಕಿದ ಹೊನ್ನೂರಕ್ಕ. ಹದಿನೈದು ದಿನದ ಹಿಂದೆ ಫೋನಿನಲ್ಲಿ ಅವಳು ಖಡಕ್ಕಾಗಿ ಹೇಳಿದ್ದಳು. 'ಹಾರ ಬ್ಯಾಡ, ಶಾಲು ಬ್ಯಾಡ. ನನ್ನ ಬಗ್ಗೆ ನೀ ಮೈಕ್ ಹಿಡದು ಮಾತಾಡಿದ್ರ ನಾ ಎದ್ದು ಹೋಗತೀನಿ, ಹೇಳೀನಿ. ನೀ ಏನೋ ಬಾರಸಾಕ ಕಲ್ತೀಯಂತ. ಅದನ್ನ ಬಾರ್ಸು, ಕುಂತು ಕೇಳತೀನಿ.' ಮಾತಾಡಬೇಡ ಎಂದು ಯಾಕೆ ಹೇಳಿದಳೆಂದು ಇಬ್ಬರಿಗೂ ಗೊತ್ತಿತ್ತು.

ಎಂಟೂವರೆಗೆ ಕುರುಗೋಡಿನಿಂದ ಚನ್ನಬಸವರಾಜನ ಫೋನು ಬಂತು. ಅಲ್ಲಿಯ ದವಾಖಾನೆಯಲ್ಲಿ ಔಷಧಿ ಕೊಡುವವನು, ಇವತ್ತಿನ ಕಾರ್ಯಕ್ರಮದ ಹೊಣೆ ಹೊತ್ತವನು. ಮೂರು ದಿನದ ಹಿಂದೆ ನಂದಿನಿ ಹಾಡಿ ಶೈಲಜಾ ಬಾರಿಸಿದ್ದನ್ನು ವಿಡಿಯೋ ಮಾಡಿ ಅವನಿಗೆ ಕಳಿಸಿದ್ದರು. ನಂದಿನಿ ಇದೇ ಸಿರುಗುಪ್ಪದ ದವಾಖಾನೆಯ ಹೊಸ ನರ್ಸು, ಇಪ್ಪತ್ತಾರು ವರ್ಷದವಳು, ದೊಡ್ಡ ಹಾಡುಗಾರ್ತಿಯಲ್ಲ, ಆದರೆ ಕಿವಿಯ ಹತ್ತಿರ ಬಂದು ಹೇಳಿದ ಹಾಗಿರುವ ಸಣ್ಣ ದನಿ. 'ಸಿಸ್ಟರ್, ತಪ್ಪು ತಿಳಕೋಬ್ಯಾಡ್ರಿ,' ಎಂದ ಚನ್ನಬಸವರಾಜ. ಇಷ್ಟು ಹೇಳಿದ ಮೇಲೆ ತಪ್ಪು ತಿಳಿಯದೆ ಇನ್ನೇನು ತಿಳಿಯುವುದು? 'ವಿಡಿಯೋ ಎಲ್ಲಾರೂ ಕೇಳಿದ್ವಿ. ನಂದಿನಿ ಧ್ವನಿ ಕೇಳಸವಲ್ದು. ನಿಮ್ಮ ಗಿಟಾರೇ ಕೇಳಸ್ತತಿ. ಅದಕ್ಕ ಫೋನಿನಾಗ ಒಂದು ಮ್ಯೂಜಿಕ್ ಟ್ರ್ಯಾಕ್ ರೆಡಿ ಮಾಡೀನಿ. ನೀವು ನಂದಿನಿ ಬಾಜೂಕ ಕುಂತು ಚಪ್ಪಾಳಿ ತಟ್ರಿ, ಬೇಕಾರ ಗಿಟಾರ್ ತೊಡಿ ಮ್ಯಾಲ ಇಟ್ಕೊರ್ರಿ, ಫೋಟೋಕ್ಕ ಚೊಲೋ ಕಾಣಸ್ತತಿ.' ಆಗಲಿ ನೋಡೋಣ ಎಂದಳು ಶೈಲಜಾ. ದನಿ ಗಟ್ಟಿಯಾಗಿಯೇ ಇತ್ತು. ಫೋನು ಇಟ್ಟಮೇಲೆ ಕೆನ್ನೆ ಸುಡುತ್ತಿತ್ತು. ಫೋಟೋಕ್ಕೆ ಗಿಟಾರ್ ಹಿಡಿದು ಕೂರುವುದು! ಹಸೆಮಣೆಯ ಮೇಲೆ ಕೂರಿಸಿದ ಹುಡುಗಿಯ ಹಾಗೆ, ಹೊನ್ನೂರಕ್ಕನ ಎದುರು, ಬಾರಿಸುವವಳ ವೇಷ ಹಾಕಿಕೊಂಡು.

ಇಪ್ಪತ್ತನಾಲ್ಕು ವರ್ಷದ ಹಿಂದೆಯೂ ಅವಳು ಹಾಗೆಯೇ ಸುಮ್ಮನೆ ಕುಳಿತಿದ್ದಳು. ಊರು ಯಾವುದೆಂದು ಅವಳು ಯಾರಿಗೂ ಹೇಳಿಲ್ಲ, ಈಗಲೂ ಹೇಳುವುದಿಲ್ಲ. ಎರಡು ವರ್ಷದ ಕೂಸಿನ ತೊಡೆಗೆ ಅವಳು ಮಾಡಿದ ಸೂಜಿ ಬಾವಾಗಿ, ಕೀವಾಗಿ, ಐದನೆಯ ದಿನ ಕೂಸನ್ನು ಎತ್ತಿಕೊಂಡು ಹತ್ತು ಜನ ಬಾಗಿಲಿಗೆ ಬಂದಿದ್ದರು. ಅವಳು ಒಳಗೆ ಬೆಂಚಿನ ಮೇಲೆ ಕುಳಿತಿದ್ದಳು, ಕಾಲು ಎದ್ದೇಳಲಿಲ್ಲ. ಹೊನ್ನೂರಕ್ಕ ಹೊಸ್ತಿಲಿಗೆ ಹೋಗಿ ನಿಂತು, ಆ ಸೂಜಿ ಮಾಡಿದಾಕಿ ನಾನು ಎಂದಳು. ಜನ ತಟ್ಟನೆ ನಂಬಿದರು. ಅದು ಶೈಲಜಾಳಿಗೆ ಇವತ್ತಿಗೂ ಮರೆಯಲಾಗದ್ದು, ನಂಬಲು ಅವರು ಒಂದು ಗಳಿಗೆಯನ್ನೂ ತೆಗೆದುಕೊಳ್ಳಲಿಲ್ಲ. ಹೊನ್ನೂರಕ್ಕ ಯಾವ ಕೇರಿಯವಳೆಂದು ಊರಿಗೆ ಗೊತ್ತಿತ್ತು, ಮುಟ್ಟಿದ್ದಕ್ಕೇ ಹೀಗಾಯಿತು ಎಂದು ಒಬ್ಬ ಮುದುಕ ಎಲ್ಲರೂ ಕೇಳುವ ಹಾಗೆ ಹೇಳಿದ. ಒಳಗೆ ಕುಳಿತ ಶೈಲಜಾಳ ಕೊರಳಲ್ಲಿ ಕರಡಿಗೆಯ ಲಿಂಗವಿತ್ತು, ಬಾಯಲ್ಲಿ ಮಾತಿರಲಿಲ್ಲ. ಕೂಸು ಬದುಕಿತು, ಗಾಯ ಮಾಯಿತು, ಹೊನ್ನೂರಕ್ಕನಿಗೆ ದೂರದ ಊರಿಗೆ ವರ್ಗವಾಯಿತು. ಹೊರಡುವ ದಿನ ಗಂಟು ಕಟ್ಟುತ್ತ ಅವಳು ಹೇಳಿದ್ದು ಒಂದೇ ಮಾತು. 'ಹೆದರಿದ ಕೈ ನೋಯಸ್ತತಿ. ಹೆದರಬ್ಯಾಡ.' ಅಂದಿನಿಂದ ಶೈಲಜಾ ಹೆದರಲಿಲ್ಲ. ಹೆದರದೆ ಹೆದರದೆ ಇಷ್ಟು ಹೆಸರು ಮಾಡಿದಳು. ತನ್ನ ಹೆಮ್ಮೆಯ ಬುಡದಲ್ಲಿ ಇನ್ನೊಬ್ಬಳ ಅವಮಾನ ಇದೆ ಎಂದು ಗೊತ್ತಿದ್ದೂ ಹೆಮ್ಮೆಪಟ್ಟಳು. ಈಗಲೂ ಪಡುತ್ತಾಳೆ, ಅದನ್ನು ಬಿಟ್ಟರೆ ಕೈಯಲ್ಲಿ ಏನೂ ಉಳಿಯುವುದಿಲ್ಲ.

'ಸಿಸ್ಟರ್, ಸ್ವಲ್ಪ ಬರ್ರಿ,' ಎಂದು ನಂದಿನಿ ಬಾಗಿಲಲ್ಲಿ ನಿಂತಿದ್ದಳು. ಕಣ್ಣು ತುಂಬಿತ್ತು. ಕೆಂಚನಗುಡ್ಡದಿಂದ ಸಾವಂತ್ರಮ್ಮ ಎಂಬ ಎಪ್ಪತ್ತರ ಮುದುಕಿಯನ್ನು ತಂದಿದ್ದರು. ರಾತ್ರಿಯಿಂದ ವಾಂತಿ ಭೇದಿ, ಮೈ ಒಣಗಿ ಕಡ್ಡಿಯಾಗಿತ್ತು, ಸಲೈನ್ ಏರಿಸಲು ನರವೇ ಸಿಗುತ್ತಿರಲಿಲ್ಲ. ನಂದಿನಿ ಮೂರು ಕಡೆ ಚುಚ್ಚಿ ನೋಡಿದ್ದಳು. ಮೂರು ಕಡೆಯೂ ಹತ್ತಿ ಅಂಟಿಸಿತ್ತು. ಶೈಲಜಾ ಹೋಗುವಾಗಲೇ ಮುದುಕಿಯ ಸೊಸೆ ಪಕ್ಕದವಳಿಗೆ 'ಈಕೀನೇ, ಈಕೀ ಕೈ ಹಗುರ' ಅನ್ನುತ್ತಿದ್ದಳು. ಆ ಮಾತು ಕೇಳಿದ್ದೇ ಶೈಲಜಾಳ ಬೆನ್ನು ನೆಟ್ಟಗಾಯಿತು, ಬೆಳಗಿನಿಂದ ಕುಗ್ಗಿದ್ದ ಜೀವ ಹಿಗ್ಗಿತು. ಬರಲಿ ಚನ್ನಬಸವರಾಜ, ಬರಲಿ ಹನುಮೇಶ್, ನೋಡಲಿ. ರಬ್ಬರು ಪಟ್ಟಿ ಬಿಗಿದು ಕಟ್ಟಿ, ಮೂರು ಬೆರಳಲ್ಲಿ ಸೂಜಿ ಹಿಡಿದು, ಒಂದೇ ಏಟಿಗೆ, ನೆಟ್ಟಗೆ ಇಳಿಸಿದಳು. ನರ ಆಚೆ ಜಾರಿತು. ರಕ್ತ ಬರಲಿಲ್ಲ. ಚರ್ಮದ ಕೆಳಗೆ ಒಂದು ನೀಲಿ ಗುಳ್ಳೆ ಏಳುವುದನ್ನು ಅವಳು, ನಂದಿನಿ, ಸೊಸೆ, ಪಕ್ಕದ ಮಂಚದವರು, ಎಲ್ಲರೂ ನೋಡಿದರು.

ಮುದುಕಿ ಕಣ್ಣು ತೆರೆದಳು. 'ನಿನ್ನ ಕೈ ಹೆಸರಾದದ್ದು ಅಂದ್ರಲ್ಲ ತಂಗೀ,' ಎಂದಳು, ಸೋತ ದನಿಯಲ್ಲಿ, ಆದರೆ ಕೊಂಕು ಕಡಿಮೆಯಾಗಿರಲಿಲ್ಲ, 'ಇಷ್ಟ್ಯಾಕ ಅವಸರ? ನಾ ಎಲ್ಲಿಗೂ ಓಡಿ ಹೋಗಂಗಿಲ್ಲ.'

ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಶೈಲಜಾ ಸ್ಟೂಲು ಎಳೆದುಕೊಂಡು ಕುಳಿತಳು. ನಿಂತೇ ಸೂಜಿ ಮಾಡುವುದು ಅವಳ ಪದ್ಧತಿ, ಕುಳಿತು ಎಷ್ಟು ವರ್ಷವಾಗಿತ್ತೋ. ರಬ್ಬರು ಪಟ್ಟಿಯನ್ನು ಸಡಿಲ ಮಾಡಿದಳು. ಮುದುಕಿಯ ಮುಂಗೈಯನ್ನು ತನ್ನ ಎಡಗೈಯಲ್ಲಿಟ್ಟುಕೊಂಡು ತೋರುಬೆರಳಿನ ತುದಿಯಿಂದ ಹುಡುಕಿದಳು. ಒತ್ತಿದರೆ ನರ ಇಲ್ಲವಾಗುತ್ತಿತ್ತು. ಬೆರಳು ತೆಗೆದರೆ ಗೊತ್ತಾಗುತ್ತಿರಲಿಲ್ಲ. ಒತ್ತುವುದಕ್ಕೂ ತೆಗೆಯುವುದಕ್ಕೂ ನಡುವೆ ಒಂದು ಜಾಗ ಇತ್ತು, ಬೆರಳು ಚರ್ಮದ ಮೇಲೆ ಇದೆಯೋ ಇಲ್ಲವೋ ಎನ್ನುವಂಥದ್ದು, ಅಲ್ಲಿ ಮಾತ್ರ ನರ ತಾನಾಗಿ ಎದ್ದು ಬೆರಳಿಗೆ ಬಂದು ತಾಕುತ್ತಿತ್ತು. ಅವಳು ಕಾಯ್ದಳು. ಪೊರೆಬಂದ ಕಣ್ಣಿಂದ ಮುದುಕಿ ತನ್ನನ್ನೇ ನೋಡುತ್ತಿರುವುದು ಗೊತ್ತಿತ್ತು. ಈ ಮುದುಕಿಗೆ ನೋಯಬಾರದು ಎಂಬುದು ಬಿಟ್ಟು ಬೇರೇನೂ ಆಗ ತಲೆಯಲ್ಲಿರಲಿಲ್ಲ, ತನ್ನ ಹೆಸರು ಕೂಡ. ಸೂಜಿಯನ್ನು ಎರಡು ಬೆರಳಲ್ಲಿ ಹಿಡಿದು, ಚರ್ಮಕ್ಕೆ ಮಲಗಿಸಿ, ನಿಧಾನವಾಗಿ, ತೀರ ನಿಧಾನವಾಗಿ ಒಳಗೆ ಬಿಟ್ಟಳು. ಸೂಜಿಯ ಬುಡದಲ್ಲಿ ರಕ್ತದ ಕೆಂಪು ಕಾಣಿಸಿತು. ಸಲೈನು ತೊಟ್ಟಿಕ್ಕತೊಡಗಿದ ಮೇಲೂ ಸಾವಂತ್ರಮ್ಮ 'ಯಾವಾಗ ಚುಚ್ಚತೀಯವ್ವ' ಎಂದು ಕೇಳಿದಳು. ಇಪ್ಪತ್ತನಾಲ್ಕು ವರ್ಷದಲ್ಲಿ ತಾನು ಮಾಡಿದ ಸೂಜಿಗಳಲ್ಲಿ ಮೊದಲನೆಯ ಹಗುರ ಸೂಜಿ ಇದೇ ಎಂದು ಶೈಲಜಾಳಿಗೆ ಅನ್ನಿಸಿತು, ಅದನ್ನು ಯಾರ ಮುಂದೆಯೂ ಒಪ್ಪುವವಳಲ್ಲ.

ಎರಡು ಗಂಟೆಗೆ ಡ್ಯೂಟಿ ಮುಗಿದದ್ದೇ ಡ್ಯೂಟಿ ಕೋಣೆಯ ಬಾಗಿಲು ಮುಂದೆ ಮಾಡಿ ಬೆಡ್‌ಶೀಟು ಬಿಚ್ಚಿದಳು. ನಂದಿನಿಯನ್ನು ಎದುರಿಗೆ ಕೂರಿಸಿಕೊಂಡು, 'ಹಾಡು. ನನ್ನ ಕಡೆ ನೋಡಬ್ಯಾಡ,' ಎಂದಳು. ಹಾಡು ಹೊನ್ನೂರಕ್ಕನದೇ, ಸೂಜಿಗೆ ಹೆದರುವ ಮಕ್ಕಳಿಗೆ ಅವಳು ಹೇಳುತ್ತಿದ್ದ ಎರಡು ಸಾಲು. ಸೂಜವ್ವ ಬಂದಾಳ, ಸುಮ್ಮನಿರು ಕಂದ, ಇರುವಿ ಕಡದಷ್ಟು ಇಲ್ಲ. ಮುಂದಿನ ಸಾಲುಗಳನ್ನು ನಂದಿನಿ ಕಟ್ಟಿದ್ದಳು. ಪಿಕ್ಕನ್ನು ಎರಡು ಬೆರಳ ನಡುವೆ ಬಿದ್ದುಹೋಗುವಷ್ಟು ಸಡಿಲ ಹಿಡಿದಾಗ ಶೈಲಜಾಳಿಗೆ ಬೆತ್ತಲಾದ ಹಾಗೆ ನಾಚಿಕೆಯಾಯಿತು. ಮೊದಲ ಸಲ ಅದು ನಿಜವಾಗಿಯೂ ಬಿದ್ದೇಹೋಯಿತು, ಗಿಟಾರಿನ ಹೊಟ್ಟೆಯೊಳಗೆ ಹೋಗಿ ಕುಳಿತಿತು. ಇಬ್ಬರೂ ಗಿಟಾರನ್ನು ಬೋರಲು ಹಾಕಿ ಅಲ್ಲಾಡಿಸಿ ಹೊರಗೆ ತೆಗೆದರು. ಎರಡನೆಯ ಸಲ ಅವಳು ತಂತಿಯನ್ನು ಕೇಳಲಿಲ್ಲ, ನಂದಿನಿಯ ದನಿಯನ್ನು ಕೇಳಿದಳು. ಎಷ್ಟು ಒತ್ತಿದರೆ ಆ ದನಿ ಇಲ್ಲವಾಗುತ್ತದೆ, ಎಷ್ಟು ಬಿಟ್ಟರೆ ಅದು ಒಂಟಿಯಾಗುತ್ತದೆ? ನಡುವಿನ ಜಾಗವನ್ನು ಕೈ ಹುಡುಕುತ್ತ ಹೋಯಿತು. ಮೊಣಕೈ ಸುಮ್ಮನಾಯಿತು. ಮಣಿಕಟ್ಟು ಮಾತ್ರ ಮೊರ ಆಡಿದ ಹಾಗೆ ಆಡುತ್ತ, ಕೆಳಗೆ ಹೋಗುವಾಗ ಎಲ್ಲ ತಂತಿಗಳನ್ನು ಸವರಿ, ಮೇಲೆ ಬರುವಾಗ ತೆಳುವಾದ ಮೂರನ್ನೇ ತಾಕಿಸಿಕೊಂಡು ಬಂತು. ಹಾಡು ಮುಗಿದ ಮೇಲೆ ನಂದಿನಿ ಅವಳ ಕೈಯತ್ತ ತಿರುಗಿದಳು. ಆಮೇಲೆ, 'ಸಿಸ್ಟರ್, ನಾ ಇಷ್ಟು ಚೊಲೋ ಹಾಡತೀನಂತ ನನಗ ಗೊತ್ತಿರಲಿಲ್ರಿ,' ಎಂದಳು. ಶೈಲಜಾಳಿಗೆ ಆ ಹೊಗಳಿಕೆ ತನಗೇ ಸಂದದ್ದೆಂದು ತಿಳಿಯಲು ತುಸು ಹೊತ್ತು ಹಿಡಿಯಿತು. ತಿಳಿದಮೇಲೆ ಬಸ್‌ಸ್ಟ್ಯಾಂಡಿನವರೆಗೆ ನಗುತ್ತಲೇ ನಡೆದಳು.

ಕುರುಗೋಡು ಮುಟ್ಟುವ ಹೊತ್ತಿಗೆ ಆ ನಗು ಅರ್ಧ ಇಳಿದಿತ್ತು. ಕೋಣೆಯಲ್ಲಿ ಒಬ್ಬಳ ಮುಂದೆ ಬಾರಿಸುವುದು ಬೇರೆ, ಇದು ಬೇರೆ. ಸಭಾಭವನದಲ್ಲಿ ಇನ್ನೂರು ಜನ, ಗಿರಗಿರನೆ ತಿರುಗುವ ಫ್ಯಾನು, ಅಳುವ ಕೂಸುಗಳು, ಕಿಟಕಿಯಾಚೆ ಬಿಸಿಲಿಗೆ ಕಾದ ಬಂಡೆಯ ಗುಡ್ಡ. ಮೊದಲ ಸಾಲಿನ ನಡುವಿನ ಕುರ್ಚಿಯಲ್ಲಿ ಹೊನ್ನೂರಕ್ಕ, ಇಸ್ತ್ರಿ ಮಾಡಿದ ನೀಲಿ ಸೀರೆಯಲ್ಲಿ, ಎಣ್ಣೆ ಹಚ್ಚಿ ಬಿಗಿಯಾಗಿ ಕಟ್ಟಿದ ಬಿಳಿ ತುರುಬಿನಲ್ಲಿ, ಪರೀಕ್ಷೆ ಬರೆಸಲು ಬಂದವಳ ಹಾಗೆ ಕುಳಿತಿದ್ದಳು. ವೇದಿಕೆಯ ಮೇಲೆ ಎರಡು ಕುರ್ಚಿ, ಒಂದೇ ಮೈಕು. ಮೆಟ್ಟಿಲ ಹತ್ತಿರ ಚನ್ನಬಸವರಾಜ ಫೋನು ಹಿಡಿದು ನಿಂತಿದ್ದ, ಟ್ರ್ಯಾಕು ತೆರೆದಿಟ್ಟುಕೊಂಡು, ಒತ್ತುವುದೊಂದೇ ಬಾಕಿ. 'ಮೈಕ್ ಒಂದ ಐತ್ರಿ ಸಿಸ್ಟರ್, ಅದನ್ನ ನಂದಿನಿಗೆ ಇಟ್ಟೀನಿ. ನಿಮಗ ಏನೂ ತ್ರಾಸಿಲ್ಲ, ಸುಮ್ನ ಕುಂದರ್ರಿ.'

'ಚನ್ನಬಸವರಾಜರ, ಫೋನ್ ಜೇಬಿನಾಗ ಇಡ್ರಿ,' ಎಂದಳು ಶೈಲಜಾ. 'ನಾ ಬಾರಸತೀನಿ.'

'ಸಿಸ್ಟರ್, ಇದು ಅಕ್ಕಾರ ಮರ್ಯಾದಿ ಪ್ರಶ್ನೆ.'

'ಹೌದು. ಅದಕ್ಕ ಬಾರಸತೀನಿ.'

ಅವನು ಫೋನನ್ನು ಜೇಬಿಗೆ ಹಾಕಲಿಲ್ಲ. ಕೆಟ್ಟರೆ ಒತ್ತಲು ತಯಾರಾಗಿ, ಕೈಯಲ್ಲೇ ಹಿಡಿದುಕೊಂಡು ಮೊದಲ ಸಾಲಿನ ಕೊನೆಯ ಕುರ್ಚಿಯ ಅಂಚಿಗೆ ಕುಳಿತ. ಶೈಲಜಾ ಅದನ್ನು ನೋಡಿದಳು. ಬಲಗೈಯ ಬೆರಳು ಬೆವರುತ್ತಿತ್ತು. ಹೆದರಿಕೆ ಎಂದರೆ ಹೀಗಿರುತ್ತದೆ ಎಂಬುದೇ ಅವಳಿಗೆ ಮರೆತುಹೋಗಿತ್ತು. ಕೆಳಗೆ ಹೊನ್ನೂರಕ್ಕನ ಮುಖ ನೋಡಿದಳು. ಆ ಮುಖಕ್ಕೆ ಒಂದು ಮಾತು ಹೇಳುವುದಿತ್ತು, ಇಪ್ಪತ್ತನಾಲ್ಕು ವರ್ಷ ತಡವಾದ ಮಾತು, ಹೇಳಬೇಡ ಎಂದು ಆ ಮುಖವೇ ಅಪ್ಪಣೆ ಮಾಡಿದ್ದ ಮಾತು. ಇನ್ನು ಉಳಿದದ್ದು ಮೂರು ಕಾರ್ಡು. ಅವಳು ಜಿ ಹಿಡಿದು ಮಣಿಕಟ್ಟನ್ನು ಇಳಿಯಬಿಟ್ಟಳು.

ನಂದಿನಿಯ ದನಿ ಎದ್ದಿತು. ಹಾಡಿನ ಮೊದಲ ಸಾಲಿಗೇ ಹೊನ್ನೂರಕ್ಕನ ಹುಬ್ಬು ಮೇಲೇರಿತು. ತನ್ನ ಸಾಲುಗಳು ಹಾಡಾಗಿ ಎದುರಿಗೆ ಬಂದು ನಿಲ್ಲುತ್ತವೆ ಎಂದು ಅವಳು ಎಣಿಸಿರಲಿಲ್ಲ. ಅಳುತ್ತಿದ್ದ ಕೂಸುಗಳಲ್ಲಿ ಒಂದು ಸುಮ್ಮನಾಯಿತು. ಎರಡನೆಯ ಸಾಲು ಮುಗಿಯುವಷ್ಟರಲ್ಲಿ ಹಿಂದಿನಿಂದ ಒಂದು ಗಂಡು ದನಿ ಬಂತು. 'ಗಿಟಾರ್ ಕೇಳಸವಲ್ದ್ರೀ.' ಇನ್ನೊಂದು ದನಿ, ಹೆಂಗಸಿನದು, 'ಹೌದ್ರಿ, ಜರಾ ಜೋರು ಬಾರಸ್ರಿ,' ಎಂದಿತು. ಶೈಲಜಾಳ ಮೊಣಕೈ ತಟ್ಟನೆ ಎಚ್ಚೆತ್ತಿತು. ಒಂದು ಏಟು ಕೊಟ್ಟರೆ ಸಾಕು, ಕೊನೆಯ ಸಾಲಿಗೇನು, ಗುಡ್ಡಕ್ಕೂ ಕೇಳಿಸುವಂತೆ ಕೊಡಬಲ್ಲಳು. ನಡುಬೆರಳು ತಾನೂ ಬರುತ್ತೇನೆಂದು ಪಿಕ್ಕಿನ ಕಡೆ ಬಾಗಿತು. ಅವಳು ಅದನ್ನು ಬರಗೊಡಲಿಲ್ಲ. ಕೇಳಬೇಕಾದವರು ಹತ್ತಿರ ಬರಲಿ. ಕೈಯನ್ನು ಇನ್ನೂ ಒಂದು ಎಳೆ ಹಗುರ ಮಾಡಿದಳು, ನಂದಿನಿಯ ದನಿ ಅದರ ಮೇಲೆ ಮೆಲ್ಲಗೆ ಕಾಲೂರಿ ನಡೆಯಿತು.

ಆಗ ಚನ್ನಬಸವರಾಜ ಎದ್ದ. ಟ್ರ್ಯಾಕು ಒತ್ತುತ್ತಾನೆಂದು ಶೈಲಜಾ ಮೈ ಗಟ್ಟಿ ಮಾಡಿಕೊಂಡಳು. ಅವನು ಫೋನನ್ನು ಅಂಗಿಯ ಜೇಬಿಗೆ ಹಾಕಿ, ಬಗ್ಗಿಕೊಂಡು ಮೆಟ್ಟಿಲು ಹತ್ತಿ ಬಂದು, ಸ್ಟ್ಯಾಂಡಿನಿಂದ ಮೈಕು ಬಿಚ್ಚಿ, ಇಬ್ಬರ ನಡುವೆ ನೆಲಕ್ಕೆ ಮೊಣಕಾಲೂರಿ ಅದನ್ನು ಗಿಟಾರಿನ ಹತ್ತಿರ ಹಿಡಿದ. ಕೈ ಅಲ್ಲಾಡದ ಹಾಗೆ, ಉಸಿರು ಬಿಗಿಹಿಡಿದು ಹಿಡಿದ. ತಂತಿಗಳ ಸದ್ದು ಭವನದ ಕೊನೆಯವರೆಗೆ ಹರಡಿತು, ಮತ್ತು ಅದರೊಳಗೆ ಎಲ್ಲೂ ಏಟು ಇರಲಿಲ್ಲ. ಮೊದಲ ಸಾಲಿನಲ್ಲಿ ಹೊನ್ನೂರಕ್ಕ ಪಕ್ಕದವಳ ಕಡೆ ವಾಲಿ, ಗುಟ್ಟು ಹೇಳಲು ಎಂದೂ ಬಾರದ ತನ್ನ ದೊಡ್ಡ ದನಿಯಲ್ಲಿ, 'ನೋಡವ್ವ, ಎಷ್ಟು ಮುಟ್ಟಬೇಕೋ ಅಷ್ಟ ಮುಟ್ಟತಾಳ,' ಎಂದಳು. ಆ ಮಾತನ್ನು ಮೈಕು ಹಿಡಿದು ಇನ್ನೂರು ಜನಕ್ಕೂ ಹಂಚಿತು. ಶೈಲಜಾಳ ಕಣ್ಣು ಮಂಜಾಯಿತು, ತಂತಿಗಳು ಕಾಣಲಿಲ್ಲ, ಕೈಗೆ ಅವು ಕಾಣಬೇಕಾಗಿಯೂ ಇರಲಿಲ್ಲ. ಹಾಡು ಕೊನೆಗೆ ಬರುತ್ತಿತ್ತು. ಚನ್ನಬಸವರಾಜನ ಮೊಣಕಾಲು ನೋಯುತ್ತಿರಬೇಕು, ಒಮ್ಮೆ ಅದನ್ನು ಮೆಲ್ಲಗೆ ಸರಿಸಿಕೊಂಡ. ಅದನ್ನು ನೋಡಿದ ಶೈಲಜಾ, ಅವನ ಬೆಳಗಿನ ಫೋನನ್ನು ಮರೆಯದೆ, ಪಲ್ಲವಿಯನ್ನು ಇನ್ನೆರಡು ಸಲ ಹಾಡು ಎಂದು ನಂದಿನಿಗೆ ಕಣ್ಣಲ್ಲೇ ಹೇಳಿದಳು.